ನೆರಳಿನ ಪಾಕ

ಸಂಶಿಯ ಎರೆಭೂಮಿಯಲ್ಲಿ ಒಣಗಿಸುವುದೆಂದರೆ ಮೆಣಸಿನಕಾಯಿಯನ್ನು ಕಣದಲ್ಲಿ ಹರವುವುದೇ ಸರಿ. ಅಲ್ಲಿ ಬಿಸಿಲೇ ಒಲೆ. ಆ ಊರಿನ ವೃದ್ಧ ರೈತನೊಬ್ಬನನ್ನು ಮಗನು ತಾಡಪತ್ರಿ ಕೊಳ್ಳೋಣವೆಂದು ಕೇಳಿದಾಗ, “ಬಿಸಿಲ ಕೊಟ್ಟಾಂವ ಕಾಯಾಂವನೂ ಹೌದು” ಎಂದು ಆತನು ಮಾತನ್ನು ಮುಗಿಸಿದ್ದನು.

ಫಾಲ್ಗುಣದಲ್ಲಿ ಅವನು ವಿಜಯಪುರ ಜಿಲ್ಲೆಯ ತಿಕೋಟೆಗೆ ಮಗಳ ಮನೆಗೆ ಹೋದನು. ಅಲ್ಲಿ ದ್ರಾಕ್ಷಿಯ ಸುಗ್ಗಿ. ಕತ್ತರಿಸಿ ತಂದ ಗೊಂಚಲುಗಳನ್ನು, ಪೊಟ್ಯಾಸಿಯಂ ಕಾರ್ಬೋನೇಟನ್ನೂ ಅದಕ್ಕೆಂದೇ ಮಾರುವ ಒಂದು ಎಣ್ಣೆಯನ್ನೂ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದಿ, ಚಪ್ಪರದೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡುತ್ತಿದ್ದರು. ಸಿಪ್ಪೆಯ ಮೇಲಿನ ಮೇಣ ಸಡಿಲಿ ಒಳಗಿನ ನೀರು ಬೇಗ ಆರಲೆಂದು ಈ ಸ್ನಾನ. ಪ್ರಾಚೀನ ರೋಮನರು ಬೂದಿಯ ತಿಳಿನೀರಿಗೆ ಎಣ್ಣೆ ಬೆರೆಸಿ ಇದನ್ನೇ ಮಾಡುತ್ತಿದ್ದರು.

“ಬೀಗರ, ಹೊರಗ ಇಷ್ಟು ಬಿಸಿಲೈತಿ, ನೆರಳಾಗ ಯಾಕ ಒಣಗಸ್ತೀರಿ?” ಎಂದು ಮುದುಕನು ಕೇಳಿದನು.

“ಬಿಸಿಲಿಗೆ ಹಾಕಿದ್ರ ಹಣ್ಣು ಕಂದತಾವ್ರಿ. ಬಣ್ಣ ಉಳೀಬೇಕಂದ್ರ ಗಾಳೀನ ಒಣಗಸಬೇಕ್ರಿ.”

ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ. ಅದಕ್ಕೆ ಹದಿನೈದು ದಿನಗಳ ಕಾವಲು.

ನೆರಳಿನ ಈ ವಿದ್ಯೆ ತಿಕೋಟೆಗೆ ಮಾತ್ರ ಸೇರಿದುದಲ್ಲ. ಇಟಲಿಯ ವೆರೋನಾ ನಗರದ ಬಳಿಯ ವಾಲ್ಪೊಲಿಚೆಲ್ಲಾ ಸೀಮೆಯಲ್ಲಿ ಕಪ್ಪು ದ್ರಾಕ್ಷಿಯನ್ನು ಗಾಳಿಯಾಡುವ ಅಟ್ಟಗಳಲ್ಲಿ ಸುಮಾರು 100 ದಿವಸ ಬಾಡಿಸುವರು. ತೂಕದಲ್ಲಿ ಮೂರರಲ್ಲೊಂದು ಪಾಲಿನಷ್ಟು ಇಳಿದ ಮೇಲೆ ಅದನ್ನು ಹಿಂಡಿ ‘ಅಮರೋನೆ’ ಎಂಬ ಕೆಂಪು ಮದ್ಯವನ್ನು ಮಾಡುವರು. ಆಯುರ್ವೇದದ ದ್ರಾಕ್ಷಾರಿಷ್ಟವೂ ಒಣದ್ರಾಕ್ಷಿಯಿಂದಲೇ ಹುಟ್ಟುತ್ತದೆ. ಒಳಗೂ ಹೊರಗೂ ರಸ ತುಂಬಿದ ಕವಿತೆಯನ್ನು ಆಲಂಕಾರಿಕರು ದ್ರಾಕ್ಷಾಪಾಕವೆಂದರು. ಆದರೆ ಹಣ್ಣಿನ ಎರಡನೆಯ ಪಾಕವು ಗಿಡದಿಂದ ಇಳಿದ ಮೇಲೆ ಮನುಷ್ಯನ ಎಚ್ಚರದಲ್ಲಿ ಆಗತಕ್ಕದ್ದು.

ಮೂರನೆಯ ದಿನ ಸಂಜೆ ಪಡುವಣದಲ್ಲಿ ಮೋಡ ಕವಿಯಿತು. ತೇವ ಹೊಕ್ಕರೆ ಬೂಷ್ಟು ಹಿಡಿಯುವುದು. ಮನೆಯ ವರ್ಷದ ಸಾಲವೆಲ್ಲ ಆ ಬಲೆಗಳ ಮೇಲೆ ಮಲಗಿತ್ತು. ಸೊಸೆ, ಮಕ್ಕಳು, ಆಳುಗಳು ಎಲ್ಲರೂ ಓಡಿಬಂದು ಪರದೆಗಳನ್ನು ಇಳಿಸಿದರು. ಮುದುಕನೂ ಒಂದು ಹಗ್ಗ ಹಿಡಿದನು. ಹಿಂದೊಮ್ಮೆ ಅಕಾಲದ ಮಳೆಗೆ ಸಿಕ್ಕು ಕಣದಲ್ಲಿ ಬೆಳ್ಳಗಾದ ತನ್ನ ಮೆಣಸಿನಕಾಯಿ ಅವನ ಕಣ್ಮುಂದೆ ಬಂದಿತು. ಆ ನಷ್ಟವನ್ನು ಅವನು ಇಷ್ಟು ವರ್ಷ ದೈವದ ಲೆಕ್ಕಕ್ಕೆ ಬರೆದಿದ್ದನು. ರಾತ್ರಿ ಅರ್ಧ ತಾಸು ಮಳೆ ಸುರಿಯಿತು. ಬೆಳಗ್ಗೆ ಪರದೆ ಎತ್ತಿದಾಗ ಹಣ್ಣೆಲ್ಲ ಒಣಗಿದಂತೆಯೇ ಇದ್ದಿತು.

ಮರಳುವಾಗ ಮಗಳು ಒಣದ್ರಾಕ್ಷಿಯ ಗಂಟು ಕಟ್ಟಿಕೊಟ್ಟಳು. ಹುಬ್ಬಳ್ಳಿಯಲ್ಲಿ ಇಳಿದವನು ನೇರವಾಗಿ ಪೇಟೆಗೆ ಹೋದನು. ಸಂಶಿಯ ಮನೆಯಲ್ಲಿ ಗಂಟನ್ನು ಮೊಮ್ಮಕ್ಕಳ ಕೈಗೂ, ತಾಡಪತ್ರಿಯನ್ನು ಮಗನ ಕೈಗೂ ಕೊಟ್ಟನು. ಮಗನು ಏನೂ ಕೇಳಲಿಲ್ಲ. ತಂದೆಯೂ ಏನೂ ಹೇಳಲಿಲ್ಲ.