ತೊಡೆಯ ದುಡಿಮೆ

ಯಲ್ಲಾಪುರದ ಕಡೆ ನಾಲ್ಕು ಜನ ಕವಳ ಹಾಕಲು ಕೂತರೆ ಮೊದಲು ಅಡಿಕೆ ಧಾರಣೆ, ಆಮೇಲೆ ಮಂಡಿನೋವು. ಯಾವ ಎಣ್ಣೆ, ಯಾವ ಕಷಾಯ, ಹುಬ್ಬಳ್ಳಿಯ ಯಾವ ಡಾಕ್ಟರು ಎಂದು ಮಾತು ಬೆಳೆಯುತ್ತದೆ. ತೊಡೆಯನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಮಂಡಿ ಬರೀ ಬಿಜಾಗರಿ; ಮಡಚಿ ಬಿಡಿಸುವ ದುಡಿಮೆ ಹೆಚ್ಚಾಗಿ ತೊಡೆಯದು. ಮುಂದೆ ನಾಲ್ಕು ಸ್ನಾಯು, ಹಿಂದೆ ಮೂರು, ಒಳಮಗ್ಗುಲಿಗೆ ಇನ್ನಷ್ಟು. ಸೊಂಟದಿಂದ ಮಂಡಿಯ ಒಳಬದಿಗೆ ಓರೆಯಾಗಿ ಇಳಿಯುವ ಸಾರ್ಟೋರಿಯಸ್ ಅಂತೂ ಇಡೀ ಮೈಯಲ್ಲೇ ಉದ್ದನೆಯದು.

ನಮ್ಮ ನೆಲ ಇವಕ್ಕೆ ಬಿಡುವು ಕೊಟ್ಟದ್ದೇ ಇಲ್ಲ. ತೋಟ ಕಣಿವೆಯಲ್ಲಿ, ಮನೆ ದಿಬ್ಬದಲ್ಲಿ, ಸೊಪ್ಪಿನ ಬೆಟ್ಟ ಅದಕ್ಕೂ ಮೇಲೆ. ಹತ್ತುವುದು ಕಷ್ಟ, ಇಳಿಯುವುದು ಸಲೀಸು ಎನ್ನುತ್ತೇವೆ. ಅದು ಉಸಿರಿನ ಲೆಕ್ಕ. ಇಳಿಯುವಾಗ ಮುಂದೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಎಳೆಗಳಿಗೆ ಪೆಟ್ಟು ಹೆಚ್ಚು ಬೀಳುವುದು ಆಗಲೇ. ಉಂಚಳ್ಳಿ ಜಲಪಾತದ ಮೆಟ್ಟಿಲು ಇಳಿದ ಪೇಟೆಯ ನೆಂಟರು ಮಾರನೆಯ ದಿನ ಗೋಡೆ ಹಿಡಿದು ನಡೆಯುವುದು ಅದಕ್ಕೇ. ರೂಢಿಯಿದ್ದವರ ತೊಡೆ ಆ ಪೆಟ್ಟನ್ನೇ ಉಂಡು ಗಟ್ಟಿಯಾಗಿರುತ್ತದೆ.

ಅಡಿಕೆ ಕೊನೆ ಕೊಯ್ಯುವ ಕೊನೆಗೌಡನನ್ನು ನೋಡಿ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತಿ, ನೆಲ ಮುಟ್ಟದೆಯೇ ಪಕ್ಕದ ಮರಕ್ಕೆ ದಾಟುತ್ತಾನೆ. ಮರವನ್ನು ಅವುಚಿ ಹಿಡಿಯುವುದು ಒಳದೊಡೆ. ಈಗ ಅಂಥವರು ಅಪರೂಪ. ನೆಲದಲ್ಲೇ ನಿಂತು ಕೊಯ್ಯುವ ಫೈಬರ್ ದೋಟಿ ಬಂದಿದೆ, ತೋಟದ ತನಕ ಬೈಕು ಹೋಗುತ್ತದೆ. ಮೇಲೆ ನೋಡಿ ನೋಡಿ ನೋವು ಕುತ್ತಿಗೆಗೆ ಬಡ್ತಿ ಪಡೆದಿದೆ.

ಬಡಗುತಿಟ್ಟಿನ ಯಕ್ಷಗಾನ ವೇಷಧಾರಿ ಮಂಡಿ ಹಾಕಿ ರಂಗಸ್ಥಳವೆಲ್ಲ ಸುತ್ತುವಾಗಲೂ ಚಪ್ಪಾಳೆ ಸಿಗುವುದು ಮಂಡಿಗೆ. ಪದ್ಮಶ್ರೀ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದರು. ಆ ದೇಹವನ್ನು ಎತ್ತಿ ನಿಲ್ಲಿಸಿದ ತೊಡೆಗಳ ಬಗ್ಗೆ ಯಾರೂ ಬರೆದಂತಿಲ್ಲ. ತೊಡೆಯ ಬೆಲೆ ಸರಿಯಾಗಿ ತಿಳಿದವನು ಭೀಮ. ಕೌರವನನ್ನು ಕೆಡವಲು ಅವನು ಗದೆ ಬೀಸಿದ್ದು ಮಂಡಿಗಲ್ಲ.

ಎಣ್ಣೆ ತಿಕ್ಕಿದರೆ ಹಿತ. ಬಲ ಬರುವುದು ಕೆಲಸ ಕೊಟ್ಟರೆ ಮಾತ್ರ. ಸವೆದ ಮಂಡಿಗೂ ಫಿಸಿಯೋಥೆರಪಿಯವರು ಹೇಳುವುದು ತೊಡೆ ಬಲಪಡಿಸುವ ವ್ಯಾಯಾಮವನ್ನೇ. ಬೆಂಚಿನ ಮೇಲೆ ಕೂತು ಒಂದೊಂದೇ ಕಾಲು ನೀಡಿ ಐದು ಎಣಿಸುವ ತನಕ ಹಿಡಿಯಿರಿ. ಕುರ್ಚಿಯಿಂದ ಕೈಯೂರದೆ ಏಳಿ. ಬಾವು ಇದ್ದರೆ ಮೊದಲು ವೈದ್ಯರನ್ನು ಕಾಣಿ. ಎದ್ದವರು ಮತ್ತೆ ಕೂರುವಾಗ ಧೊಪ್ಪನೆ ಬೀಳಬೇಡಿ, ನಿಧಾನಕ್ಕೆ ಇಳಿಯಿರಿ. ಘಟ್ಟ ಹತ್ತದವರಿಗೂ ಅಷ್ಟು ಇಳಿಜಾರು ಮನೆಯೊಳಗೇ ಸಿಗುತ್ತದೆ.