ಬಂಡೆಯೊಳಗಿನ ಫೋಟಾನು

ಮಾರ್ಚ್ 4, ಶಹಾಪುರ

ಕೊನೆಯ ಪಿರಿಯಡ್ಡು. ಡ್ಯೂಟರಾನ್. ಭಾರಜಲಜನಕದ ಬೀಜಕೇಂದ್ರ: ಒಂದು ಪ್ರೋಟಾನು, ಒಂದು ನ್ಯೂಟ್ರಾನು, ಇಬ್ಬರದೇ ಸಂಸಾರ. ಬೇರ್ಪಡಿಸಲು 2.22 ಎಂಇವಿ ಬೇಕು. ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಸರ್, ಇದನ್ನ ಎಲ್ಲಿ ಒಡದು ನೋಡ್ಯಾರ್ರಿ?" ಕೇಂಬ್ರಿಜ್, 1934, ಚಾಡ್ವಿಕ್ ಮತ್ತು ಗೋಲ್ಡ್‌ಹೇಬರ್ ಅಂದೆ. ಬರೆದುಕೊಂಡು ಕೂತಳು.

ಕೇಂಬ್ರಿಜ್ ಅಂದ ಕೂಡಲೇ ಅವಳ ಮುಖದಲ್ಲಿ ಏನೋ ಇಳಿಯಿತು.

ರಾತ್ರಿ 11

ಆ ಪ್ರಯೋಗವನ್ನೇ ಮತ್ತೆ ಓದಿದೆ. ದೊಡ್ಡ ಯಂತ್ರವೇನೂ ಇಲ್ಲ. ಥೋರಿಯಂ ಸರಣಿಯ ಒಂದು ವಿಕಿರಣ ಮೂಲ, ಭಾರಜಲಜನಕ ತುಂಬಿದ ಪುಟ್ಟ ಅಯಾನೀಕರಣ ಕೋಶ. ಆಗಿನ ಲೆಕ್ಕದ 2.62 ಎಂಇವಿ ಗಾಮಾ ಬಡಿದು ಡ್ಯೂಟರಾನ್ ಒಡೆಯಿತು. ಉಳಿದ 0.4ರಲ್ಲಿ ಇಬ್ಬರಿಗೂ ಸಮಪಾಲು. ಪ್ರೋಟಾನಿನ ಪಾಲು ಅಳೆದರೆ ನ್ಯೂಟ್ರಾನಿನ ತೂಕ ಸಿಕ್ಕಿತು. ಮರುವರ್ಷದ ಹೊತ್ತಿಗೆ ಖಚಿತ: ಜಲಜನಕದ ಪರಮಾಣುವಿಗಿಂತ ಭಾರ. ಅಂದರೆ ನ್ಯೂಟ್ರಾನು ಪ್ರೋಟಾನು–ಎಲೆಕ್ಟ್ರಾನು ಸೇರಿದ ಗಂಟಲ್ಲ, ತಾನೇ ಒಂದು ಕಣ. ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ.

ಮಾರ್ಚ್ 6, ಯಾದಗಿರಿ ಬಸ್ಸು

ಶಹಾಪುರದ ಮಲಗಿದ ಬುದ್ಧನ ಬೆಟ್ಟ ಹಿಂದಾಯಿತು. ಗ್ರಾನೈಟು. ಅದರಲ್ಲಿ ಥೋರಿಯಂ ಇದೆ, ಚೂರೇ ಚೂರು. ಅದರ ಸರಣಿಯ ತುದಿಯ ಹತ್ತಿರ ಥ್ಯಾಲಿಯಂ-208. ಅದರ ಗಾಮಾ 2.61.

ಅದೇ ಫೋಟಾನು! ಕೇಂಬ್ರಿಜ್ಜಿನಲ್ಲಿ ಡ್ಯೂಟರಾನ್ ಒಡೆದದ್ದು ಇದೇ. ಇಲ್ಲಿ ಬೆಟ್ಟದ ಬಂಡೆಯಿಂದಲೂ ಹೊರಡುತ್ತಲೇ ಇದೆ. ನೀರಿನಲ್ಲಿ ಸುಮಾರು 6,400 ಜಲಜನಕಕ್ಕೊಂದು ಡ್ಯೂಟೀರಿಯಂ, ಅದೇ ಭಾರಜಲಜನಕ. ಬಂಡೆಯ ಸಂದಿಯಲ್ಲಿ ನಿಂತ ನೀರಲ್ಲಿ ಎಂದಾದರೊಮ್ಮೆ ಒಂದು ಒಡೆಯಲೇಬೇಕು. ಅಳೆಯಲಾಗದಷ್ಟು ಅಪರೂಪ. ಆದರೂ.

ಮಾರ್ಚ್ 9, ಭಾನುವಾರ, ಗೋಗಿ

ಸೋದರಮಾವನ ಮನೆ. ಊಟಕ್ಕೆ ಕೂತಾಗಲೇ ಶುರು. "ಅಳಿಯಾ, ನೀ ಓದಿದಾವ ಹೇಳು. ಬೋರ್ ಹೊಡದು ಯುರೇನಿಯಂ ಅದ ಅಂತಂದು ಹೋದ್ರು. ನಮ್ ನೀರಿಗೇನರ ಆಗ್ಯಾದೇನು?"

ಯುರೇನಿಯಂ ಸರಣಿಯ ಬಿಸ್ಮತ್-214 ಕೂಡ 2.45ರ ಗಾಮಾ ಬಿಡುತ್ತದೆ, ಅದೂ 2.22 ದಾಟುತ್ತದೆ ಅನ್ನುವುದು ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ. ಕಲ್ಲಿನ ಗಾಮಾದಿಂದ ನೀರು ಕೆಡುವುದಿಲ್ಲ, ನೀರಿಗೆ ಕರಗುವ ಯುರೇನಿಯಂ ಬೇರೆ ಮಾತು, ಪರೀಕ್ಷೆ ಮಾಡಿಸಿಯೇ ತಿಳಿಯಬೇಕು ಅಂದೆ. ಮಾವ ಮತ್ತೇನೂ ಕೇಳಲಿಲ್ಲ. ಅತ್ತೆ ನೀರಿನ ತಂಬಿಗೆ ಮುಂದಿಟ್ಟರು. ಕುಡಿದೆ. ಮಾವ ನೋಡುತ್ತಿದ್ದ.

ಮಾರ್ಚ್ 12, ಸುರಪುರ

ಪರೀಕ್ಷಾ ಡ್ಯೂಟಿ. ಬಿಡುವಿನಲ್ಲಿ ಜಿ. ರಾಮಚಂದ್ರನ್, ಎಸ್.ಪಿ. ಶಿಲ್ಪಶ್ರೀ ಅವರ ಲೇಖನ. ಧ್ರುವೀಕೃತ ಫೋಟಾನಿನಿಂದ ಡ್ಯೂಟರಾನ್ ಒಡೆಯುವ ಸಿದ್ಧಾಂತ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಲೇಸರ್ ಬೆಳಕನ್ನು ವೇಗದ ಎಲೆಕ್ಟ್ರಾನುಗಳಿಗೆ ಬಡಿಸಿ ಅಂಥ ಗಾಮಾ ಪಡೆಯುತ್ತಾರೆ. 2.22ರ ಹೊಸ್ತಿಲಿನ ಹತ್ತಿರದ ಶಕ್ತಿಯೇ ಯಾಕೆ ಬೇಕೆಂದರೆ, ವಿಶ್ವದ ಮೊದಲ ನಿಮಿಷಗಳಲ್ಲಿ ಇದೇ ಕ್ರಿಯೆ ಹಿಮ್ಮುಖವಾಗಿ ನಡೆದು ಡ್ಯೂಟೀರಿಯಂ ಹುಟ್ಟಿತು. ಮಾವನ ಮನೆಯ ತಂಬಿಗೆಯ ನೀರಿನಲ್ಲಿರುವುದೂ ಆಗಿನದೇ.

ಕನ್ನಡ ನಾಡಿನ ಹೆಸರುಗಳು. ಹುಡುಗಿಗೆ ತೋರಿಸಬೇಕು.

ಮಾರ್ಚ್ 13

ತೋರಿಸಿದೆ. ಬೆಟ್ಟದ ಫೋಟಾನಿನ ಮಾತೂ ಹೇಳಿದೆ. "ಹಂಗಾದ್ರ ಆ 2.61 ನಾವೂ ನೋಡಬಹುದೇನ್ರಿ ಸರ್?" ಅಂದಳು.

ನೋಡಬಹುದು. ಸೋಡಿಯಂ ಅಯೊಡೈಡ್ ಡಿಟೆಕ್ಟರ್ ಬೇಕು. ಕಲಬುರಗಿಗೆ ಪತ್ರ ಬರೆದಿಟ್ಟಿದ್ದೇನೆ. ಕೊಡುತ್ತಾರೋ ಇಲ್ಲವೋ. ಕೊಟ್ಟರೆ ಬೆಟ್ಟದ ಕಲ್ಲು ಸಾಕೇ, ಗೋಗಿಯದನ್ನೂ ಇಡಬೇಕೇ? ಇಟ್ಟರೆ ಊರಲ್ಲಿ ಏನು ಮಾತಾಗುತ್ತದೋ. ಮೊದಲು ಮಾವನನ್ನು ಕೇಳಬೇಕು.