ಕಡುನೀಲಿ ಯಾರಿಗೆ ಒಪ್ಪುತ್ತದೆ?

ಜೂನ್ ತಿಂಗಳು ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಟ್ಟೆ ಅಂಗಡಿಗಳಲ್ಲಿ ಎರಡು ಬಗೆಯ ಗಿರಾಕಿಗಳು ಕಾಣುತ್ತಾರೆ. ಒಂದು ಬಗೆಯವರು ಮಕ್ಕಳಿಗೆ ಸಮವಸ್ತ್ರ ಕೊಳ್ಳಲು ಬಂದವರು. ಇವರಿಗೆ ಬಣ್ಣದ ಚಿಂತೆಯಿಲ್ಲ, ಶಾಲೆಯವರು ಹೇಳಿದ್ದೇ ಬಣ್ಣ. ಹತ್ತು ನಿಮಿಷದಲ್ಲಿ ಕೊಂಡು ಹೊರಟುಬಿಡುತ್ತಾರೆ. ಇನ್ನೊಂದು ಬಗೆಯವರು ಸಮವಸ್ತ್ರದ ಕಾಲ ಮುಗಿಸಿ ಡಿಗ್ರಿ ಕಾಲೇಜಿಗೆ ಹೊರಟ ಮಕ್ಕಳು ಮತ್ತು ಅವರ ತಾಯ್ತಂದೆಯರು. ಇವರ ಖರೀದಿ ಒಂದು ತಾಸಿಗೂ ಮುಗಿಯುವುದಿಲ್ಲ. 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆಯ ನಿಜವಾದ ಭಾರ ಗೊತ್ತಾಗಬೇಕಾದರೆ ಇಂಥ ಅಂಗಡಿಯ ಗಾದಿಯ ಮೇಲೆ ಸ್ವಲ್ಪ ಹೊತ್ತು ಕುಳಿತಿರಬೇಕು.

ನನ್ನ ಊರು ಲಚ್ಯಾಣ. ರೈಲು ಹತ್ತಿದರೆ ಒಂದು ದಿಕ್ಕಿಗೆ ವಿಜಯಪುರ, ಇನ್ನೊಂದು ದಿಕ್ಕಿಗೆ ಭೀಮೆಯಾಚೆಗಿನ ಸೊಲ್ಲಾಪುರ. ಹಾಗಾಗಿ ಮದುವೆ, ಹಬ್ಬ, ಕಾಲೇಜು ಎಂದರೆ ಬಟ್ಟೆ ಎಲ್ಲಿಂದ ತರಬೇಕೆಂಬ ಚರ್ಚೆ ನಮ್ಮ ಮನೆಗಳಲ್ಲಿ ತಪ್ಪಿದ್ದಲ್ಲ. ಹಾಗೆ ಒಮ್ಮೆ ಅಕ್ಕ ಮತ್ತು ಅಕ್ಕನ ಮಗಳ ಜೊತೆ ನಾನೂ ಹೋಗಿದ್ದೆ. ಹುಡುಗಿ ಪಿಯುಸಿ ಮುಗಿಸಿ ಡಿಗ್ರಿಗೆ ಸೇರುವವಳು. ಮೈಬಣ್ಣ ಎಣ್ಣೆಗಪ್ಪು, ಕಣ್ಣು ಹೊಳಪು, ಮಾತು ಚುರುಕು. ಅಂಗಡಿಯವರು ಹರವಿದ ಹತ್ತಾರು ಬಟ್ಟೆಗಳಲ್ಲಿ ಅವಳ ಕೈ ನೇರವಾಗಿ ಹೋದದ್ದು ಒಂದು ಕಡುನೀಲಿ ಚೂಡಿದಾರದ ಬಟ್ಟೆಗೆ. ಅಂಗಡಿಯ ಭಾಷೆಯಲ್ಲಿ ನೇವಿ ಬ್ಲೂ.

"ಅದು ಬ್ಯಾಡ ತಂಗಿ. ನಿನ್ನ ಮೈಬಣ್ಣಕ್ಕ ಒಪ್ಪಂಗಿಲ್ಲ. ತಿಳೀ ಬಣ್ಣದ್ದು ತಗೋ, ಮಾರಿ ಬೆಳ್ಳಗ ಕಾಣಸ್ತದ" ಎಂದರು ಅಂಗಡಿಯ ಯಜಮಾನರು. ದನಿಯಲ್ಲಿ ಕುಹಕವಿರಲಿಲ್ಲ, ಮನೆಯ ಹಿರಿಯರ ಕಾಳಜಿಯೇ ಇತ್ತು. ಅಕ್ಕನೂ ಹೌದೆಂದು ತಲೆಯಾಡಿಸಿದಳು. ಹುಡುಗಿ ಬಟ್ಟೆಯನ್ನು ಮಡಚಿ ಕೆಳಗಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಚಿಗವ್ವ, ಹತ್ತು ವರ್ಷ ಸಾಲ್ಯಾಗ ಇದ ಬಣ್ಣದ ಲಂಗ ಹಾಕ್ಕೊಂಡೀನಲ್ಲ, ಆವಾಗ ಒಪ್ಪಂಗಿಲ್ಲ ಅಂತ ಯಾರೂ ಯಾಕ ಅನ್ನಲಿಲ್ಲ?"

ಈ ಪ್ರಶ್ನೆಗೆ ಅಂಗಡಿಯಲ್ಲಿ ಉತ್ತರ ಸಿಗಲಿಲ್ಲ. ಆದರೆ ಪ್ರಶ್ನೆ ಬಲು ಗಟ್ಟಿಯಾದದ್ದು. ಬಿಳಿ ಅಂಗಿ, ನೀಲಿ ಲಂಗ ಅಥವಾ ನೀಲಿ ಚಡ್ಡಿ ತೊಟ್ಟು ಪ್ರಾರ್ಥನೆಗೆ ನಿಂತ ಮಕ್ಕಳ ಸಾಲನ್ನು ನೆನಪಿಸಿಕೊಳ್ಳಿ. ಅದರಲ್ಲಿ ಎಷ್ಟು ಮೈಬಣ್ಣಗಳಿರುತ್ತವೆ! ನಮ್ಮ ಕಡೆ 'ಕೆಂಪಗ ಅದಾರ' ಎಂದು ಕರೆಸಿಕೊಳ್ಳುವ ಬೆಳ್ಳನೆಯವರು, ಗೋಧಿ ಬಣ್ಣದವರು, ಸಾದಗಪ್ಪಿನವರು, ಎರೆಮಣ್ಣಿನ ಹಾಗೆ ಮಿರುಗುವ ಕಪ್ಪಿನವರು. ಇಡೀ ಸಾಲೇ ಚೆಂದ ಕಾಣುತ್ತದೆ. ಅದರಲ್ಲಿ ಒಂದು ಮಗುವನ್ನು ತೋರಿಸಿ 'ಇವಳಿಗೆ ಈ ಬಣ್ಣ ಒಪ್ಪಲಿಲ್ಲ' ಎಂದು ಯಾವ ಮಾಸ್ತರರೂ ಹೇಳಿದ್ದನ್ನು ನಾನು ಕೇಳಿಲ್ಲ. ಅದೇ ಮಗು ದೊಡ್ಡದಾಗಿ ತಾನೇ ಬಣ್ಣ ಆರಿಸಲು ಹೊರಟ ದಿನ ಮಾತ್ರ ನೀಲಿ ಒಪ್ಪದಾಗುತ್ತದೆ. ಅಂದ ಮೇಲೆ ತಕರಾರು ಇರುವುದು ಬಟ್ಟೆಯ ಬಗ್ಗೆ ಅಲ್ಲ, ಮೈಯ ಬಗ್ಗೆ.

ಈ ಬಣ್ಣದ ಹಿನ್ನೆಲೆಯನ್ನೇ ಸ್ವಲ್ಪ ನೋಡೋಣ. ನೇವಿ ಎಂದರೆ ನೌಕಾಪಡೆ. 1748ರಲ್ಲಿ ಬ್ರಿಟಿಷ್ ನೌಕಾಪಡೆಯ ಅಧಿಕಾರಿಗಳಿಗೆ ಕಡುನೀಲಿ ಉಡುಪು ಗೊತ್ತುಮಾಡಿದರು. ಬಣ್ಣಕ್ಕೆ ಆ ಪಡೆಯ ಹೆಸರೇ ಅಂಟಿಕೊಂಡಿತು. ಆದರೆ ಇಂಥ ನೀಲಿಯ ಬೇರು ನಮ್ಮ ನೆಲದಲ್ಲೂ ಇದೆ. ನೀಲಿ ಗಿಡದ ಎಲೆಗಳಿಂದ ತೆಗೆಯುವ ಬಣ್ಣಕ್ಕೆ ಪರದೇಶದವರು ಕೊಟ್ಟ ಹೆಸರು ಇಂಡಿಗೋ, ಎಂದರೆ ಇಂಡಿಯಾದಿಂದ ಬಂದದ್ದು. (ನಮ್ಮ ತಾಲ್ಲೂಕಿನ ಇಂಡಿಗೂ ಇದಕ್ಕೂ ಸಂಬಂಧ ಕಟ್ಟುವುದು ಬೇಡ!) ಈ ಬಣ್ಣದ ಗುಣ ವಿಚಿತ್ರ. ಬಾನಿಯಲ್ಲಿ ಅದ್ದಿ ತೆಗೆದ ಬಟ್ಟೆ ಮೊದಲು ಹಳದಿ ಹಸಿರಾಗಿ ಕಾಣುತ್ತದೆ, ಗಾಳಿ ತಾಗಿದ ಮೇಲೆ ನೋಡನೋಡುತ್ತಲೇ ನೀಲಿಗೆ ತಿರುಗುತ್ತದೆ. ಒಂದೆರಡು ಸಲ ಅದ್ದಿದರೆ ತಿಳಿನೀಲಿ. ಮತ್ತೆ ಮತ್ತೆ ಅದ್ದಿದರೆ ಕಪ್ಪಿಗೆ ಸಮೀಪದ ಕಡುನೀಲಿ. ಇದೇ ನೀಲಿಯ ಬೇಸಾಯವನ್ನು ರೈತರ ಮೇಲೆ ಹೇರಿದ್ದಕ್ಕಾಗಿ ಗಾಂಧೀಜಿ 1917ರಲ್ಲಿ ಚಂಪಾರಣ್ಯಕ್ಕೆ ಹೋದದ್ದನ್ನು ಮಕ್ಕಳು ಪಾಠದಲ್ಲಿ ಓದಿರುತ್ತಾರೆ. 1897ರಲ್ಲಿ ಜರ್ಮನಿಯ ಕಾರ್ಖಾನೆಯ ಕೃತಕ ನೀಲಿ ಮಾರುಕಟ್ಟೆಗೆ ಬಂದ ಮೇಲೆ ಗಿಡದ ನೀಲಿ ಹಿಂದೆ ಸರಿಯಿತು. ಶತಮಾನಗಳ ಕಾಲ ನೀಲಿ ಅದ್ದಿದ ನಾಡಿನ ಮೈಬಣ್ಣಕ್ಕೇ ನೀಲಿ ಒಪ್ಪುವುದಿಲ್ಲವೆಂದರೆ ಹೇಗೆ?

ಹಾಗಾದರೆ ಕಡುನೀಲಿ ತೊಟ್ಟಾಗ ಕೆಲವೊಮ್ಮೆ ಮುಖ ಮಂಕಾಗಿ ಕಾಣುವುದು ಸುಳ್ಳೇ ಎಂದು ನೀವು ಕೇಳಬಹುದು. ಸುಳ್ಳಲ್ಲ. ಅದಕ್ಕೆ ಕಾರಣ ಬೆಳಕು. ಬಿಳಿ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕನ್ನು ಮುಖದ ಕಡೆಗೆ ಎಸೆಯುತ್ತದೆ. ಕಡುನೀಲಿ ಬಹುಪಾಲು ನುಂಗಿಕೊಳ್ಳುತ್ತದೆ. ಕುತ್ತಿಗೆಯವರೆಗೂ ಬರೀ ಕಡುನೀಲಿಯೇ ಇದ್ದರೆ ಮುಖಕ್ಕೆ ಕೆಳಗಿನಿಂದ ಬೆಳಕಿನ ಆಸರೆ ಸಿಗುವುದಿಲ್ಲ. ಬೆಳ್ಳನೆಯ ಮುಖಕ್ಕೂ ನೀಲಿಗೂ ನಡುವೆ ಅಂತರ ಹೆಚ್ಚು, ಆದ್ದರಿಂದ ಆ ಮುಖ ತಾನಾಗಿ ಎದ್ದು ಕಾಣುತ್ತದೆ. ಕಪ್ಪು ಮುಖಕ್ಕೂ ನೀಲಿಗೂ ಅಂತರ ಕಡಿಮೆ, ಆದ್ದರಿಂದ ನಡುವೆ ಒಂದು ಬೆಳಕಿನ ಪಟ್ಟಿ ಬೇಕು. ಬೇಕಾದದ್ದು ಇಷ್ಟೇ: ಮುಖದ ಬಳಿ ಒಂದು ಗೇಣು ಬೇರೆ ಬಣ್ಣ. ಸಮವಸ್ತ್ರದಲ್ಲಿ ಆ ಕೆಲಸವನ್ನು ಬಿಳಿ ಅಂಗಿಯ ಕಾಲರು ಮಾಡುತ್ತಿತ್ತು. ಅಕ್ಕನ ಮಗಳ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಇದನ್ನು ಕಲಿಯಲು ಯಾವ ಫ್ಯಾಷನ್ ಪುಸ್ತಕವನ್ನೂ ತಿರುವಬೇಕಾಗಿಲ್ಲ. ನಮ್ಮ ಅಜ್ಜಿಯರ ಇಳಕಲ್ ಸೀರೆಯನ್ನು ನೋಡಿ. ಒಡಲು ಕಡುನೀಲಿಯೋ ಕಪ್ಪೋ ಕಡುಹಸಿರೋ ಇರುತ್ತದೆ. ಅಂಚು ಕೆಂಪು. ಸೆರಗು ಕೆಂಪು ರೇಷ್ಮೆ, ಅದರ ಮೇಲೆ ಬಿಳಿಯ ತೆನೆಗಳು. ಅದಕ್ಕೇ ಟೋಪ್ ತೆನಿ ಸೆರಗು ಎನ್ನುವುದು. ಒಡಲಿನ ಹಾಸಿನ ನೂಲಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಜೋಡಿಸುವ ಕೆಲಸ ಇಳಕಲ್ ನೇಕಾರರ ಹೆಗ್ಗಳಿಕೆ. ಈ ಸೀರೆಯುಟ್ಟು ತಲೆ ತುಂಬ ಸೆರಗು ಹೊದ್ದಾಗ ಏನಾಗುತ್ತದೆ? ಕಡುಬಣ್ಣವೆಲ್ಲ ಕೆಳಗೆ ಉಳಿಯುತ್ತದೆ. ಕೆಂಪು ಬಿಳುಪು ಮುಖದ ಸುತ್ತ ಬರುತ್ತದೆ. ಮೇಲೆ ಗುಳೇದಗುಡ್ಡ ಖಣದ ಹೊಳೆಯುವ ಕುಪ್ಪಸ. ಹೊಲದಲ್ಲಿ ದುಡಿದು ಬಿಸಿಲಿಗೆ ಕಪ್ಪಾದ ನಮ್ಮ ಅವ್ವಂದಿರ ಮುಖ ಆ ಚೌಕಟ್ಟಿನಲ್ಲಿ ಎಷ್ಟು ಕಳೆಯಾಗಿ ಕಾಣುತ್ತಿತ್ತೆಂಬುದನ್ನು ನೋಡಿದವರೇ ಬಲ್ಲರು. ದೇವರ ಪಟ ಬರೆದವರಿಗೂ ಈ ಗುಟ್ಟು ಗೊತ್ತಿತ್ತು. ನೀಲಮೇಘಶ್ಯಾಮನಿಗೆ ಅವರು ಉಡಿಸಿದ್ದು ಹಳದಿಯ ಪೀತಾಂಬರವನ್ನು.

ಇನ್ನು ಯಾರಿಗೆ ಯಾವ ಜೋಡಿ? ನಾನು ಹೇಳುವುದು ಕಾಯಿದೆಯಲ್ಲ, ಕಣ್ಣಳತೆಯ ಲೆಕ್ಕ. ನಮ್ಮ ಹೊಲ ತೋಟಗಳಲ್ಲಿಯೇ ಬಣ್ಣದ ಪಟ್ಟಿ ಸಿದ್ಧವಾಗಿದೆ. ಎಣ್ಣೆಗಪ್ಪು, ಕಡುಗಪ್ಪು ಮೈಯವರು ಕಡುನೀಲಿಯ ಜೊತೆ ತುಂಬು ಬಣ್ಣಗಳಿಗೆ ಹೆದರಬಾರದು: ಹಣ್ಣಾದ ನಿಂಬೆಯ ಹಳದಿ, ಕುಸುಬಿ ಹೂವಿನ ಕೇಸರಿ, ದಾಳಿಂಬೆಯ ಕೆಂಪು, ಅಚ್ಚ ಬಿಳಿ. ಇಂಡಿಯ ನಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆಯಲ್ಲ, ಆ ಹಳದಿಗೂ ಒಂದು ಮಾನ್ಯತೆ ಸಿಗಲಿ! ಇವರು ದೂರವಿಡಬೇಕಾದದ್ದು ನೀಲಿಯನ್ನಲ್ಲ, ಮುಖದ ಬಳಿ ಬರುವ ಬೂದಿ ಬಣ್ಣವನ್ನು, ಮಾಸಿದ ಕಂದನ್ನು. ಗೋಧಿ ಬಣ್ಣದವರಿಗೆ ಬಿಳಿಜೋಳದ ಹಿಟ್ಟಿನಂಥ ಕೆನೆಬಣ್ಣ, ಸಾಸಿವೆ ಹಳದಿ, ಮರೂನ್ ಚೆನ್ನಾಗಿ ಹೊಂದುತ್ತವೆ. ಬೆಳ್ಳನೆಯವರಿಗೆ ತಿಳಿಗುಲಾಬಿ, ತಿಳಿನೀಲಿ, ಬಿಳಿ ಹಗುರಾಗಿ ಒಪ್ಪುತ್ತವೆ. ಒಂದೇ ಮೈಬಣ್ಣದವರಲ್ಲೂ ಒಳಛಾಯೆ ಬೇರೆಯಿರುತ್ತದೆ. ಹಗಲು ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತು, ಗಲ್ಲದ ಕೆಳಗೆ ಒಮ್ಮೆ ಅಚ್ಚ ಬಿಳಿ, ಒಮ್ಮೆ ಕೆನೆಬಣ್ಣ ಹಿಡಿದು ನೋಡಿದರೆ ಯಾವುದು ಮುಖಕ್ಕೆ ಕಳೆ ಕೊಡುತ್ತದೆಂಬುದು ತಾನೇ ತಿಳಿಯುತ್ತದೆ.

ಗಂಡುಮಕ್ಕಳಿಗೆ ಈ ಮಾತು ಬೇಡವೆಂದು ತಿಳಿಯಬೇಡಿ. ಸಂದರ್ಶನಕ್ಕೆ ಹೊರಟ ಹುಡುಗನಿಗೆ ಕಡುನೀಲಿ ಪ್ಯಾಂಟಿನಂಥ ಆಪ್ತಮಿತ್ರ ಇನ್ನೊಂದಿಲ್ಲ. ಮೇಲೆ ಬಿಳಿ, ಕೆನೆ, ತಿಳಿಹಳದಿ ಅಂಗಿ ಯಾವ ಮೈಬಣ್ಣಕ್ಕೂ ನಡೆಯುತ್ತದೆ. ಬೂಟು, ಬೆಲ್ಟು ಎರಡೂ ಕಂದಾಗಲಿ, ಇಲ್ಲವೇ ಎರಡೂ ಕಪ್ಪಾಗಲಿ. ಅಂಗಿಯೇ ಕಡುನೀಲಿಯಾದರೆ ಪ್ಯಾಂಟು ತಿಳಿಬಣ್ಣದ್ದಾಗಲಿ.

ಕೊಳ್ಳುವಾಗ ಮತ್ತು ಕೊಂಡ ಮೇಲೆ ನೆನಪಿಡಬೇಕಾದ ಒಂದೆರಡು ಸಂಗತಿಗಳಿವೆ. ಅಂಗಡಿಯ ದೀಪದ ಬೆಳಕಿನಲ್ಲಿ ಕಡುನೀಲಿ ಯಾವುದು, ಕಪ್ಪು ಯಾವುದು ಎಂದು ಕಣ್ಣು ಮೋಸಹೋಗುತ್ತದೆ. ಬಟ್ಟೆಯನ್ನು ಬಾಗಿಲ ಬಳಿ ಹಗಲು ಬೆಳಕಿಗೆ ತಂದು ನೋಡಿ. ಎರಡು ಬೇರೆ ಅಂಗಡಿಯ ಎರಡು ಕಡುನೀಲಿಗಳನ್ನು ಮೇಲೊಂದು ಕೆಳಗೊಂದು ತೊಟ್ಟರೆ ಒಂದು ಹಳತು ಕಾಣುತ್ತದೆ. ಜೋಡಿ ಬೇಕಾದರೆ ಒಂದೇ ಥಾನಿನಿಂದ ಕತ್ತರಿಸಿ ಕೊಡಲು ಹೇಳಿ. ಮೊದಲ ಎರಡು ಮೂರು ಒಗೆತಗಳಲ್ಲಿ ಬಿಳಿಯ ಜೊತೆ ನೆನೆಹಾಕಬೇಡಿ, ಬಣ್ಣ ಬಿಟ್ಟೀತು. ಒಳಮಗ್ಗುಲು ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ. ನಮ್ಮ ಕಡೆಯ ಬಿಸಿಲಿಗೆ ನೀಲಿ ಬೇಗ ಸೋಲುತ್ತದೆ. ಕಡುಬಣ್ಣ ಬಿಸಿಲನ್ನು ಹೀರಿಕೊಳ್ಳುವುದರಿಂದ ಏಪ್ರಿಲ್ ಮೇ ತಿಂಗಳಲ್ಲಿ ತೆಳ್ಳನೆಯ ಹತ್ತಿಯದೇ ಇರಲಿ. ಚಾಕ್ಪೀಸಿನ ಪುಡಿ ಕಡುನೀಲಿಯ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತದೆಂಬುದನ್ನು ಶಾಲೆಗೆ ಹೋದ ಯಾರಿಗೂ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಬಟ್ಟೆಯ ಮಾತಾಯಿತು. ನಿಜವಾದ ಮಾತು ಬೇರೆಯೇ ಇದೆ. ಮೈಬಣ್ಣ ಬರುವುದು ಚರ್ಮದಲ್ಲಿರುವ ಮೆಲನಿನ್ ಎಂಬ ವಸ್ತುವಿನಿಂದ. ಅದನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಕರಿಯರಲ್ಲೂ ಬಿಳಿಯರಲ್ಲೂ ಹೆಚ್ಚುಕಡಿಮೆ ಒಂದೇ. ತಯಾರಾಗುವ ಮೆಲನಿನ್‌ನ ಪ್ರಮಾಣ ಮತ್ತು ಬಗೆ ಮಾತ್ರ ಬೇರೆ. ಸುಡುಬಿಸಿಲಿನ ಸೀಮೆಯಲ್ಲಿ ಅದು ದೇಹಕ್ಕೆ ಕೊಡೆಯಿದ್ದಂತೆ. ಆದರೂ ಅದನ್ನು ಕುಂದೆಂದು ನಾವು ಎಣಿಸಿದೆವು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ ಫೇರ್ ಎಂಬ ಮಾತನ್ನು ಕೈಬಿಟ್ಟಿತು. ಕಂಪನಿ ಬಿಟ್ಟ ಮಾತನ್ನು ನಾವು ಮನೆಯಲ್ಲಿ ಇಟ್ಟುಕೊಂಡಿದ್ದೇವೆ. 'ನಿನಗೆ ಒಪ್ಪುವುದಿಲ್ಲ' ಎಂದು ಮೇಲಿಂದ ಮೇಲೆ ಕೇಳಿಸಿಕೊಂಡ ಮಗು ಮೊದಲು ಬಟ್ಟೆ ಆರಿಸುವುದನ್ನು ಬಿಡುತ್ತದೆ. ಆಮೇಲೆ ಫೋಟೋದಲ್ಲಿ ಹಿಂದಿನ ಸಾಲು ಹಿಡಿಯುತ್ತದೆ. ಆಮೇಲೆ ಭಾಷಣಕ್ಕೆ ಹೆಸರು ಕೊಡಲು ಹಿಂಜರಿಯುತ್ತದೆ. ಕೈತುಂಬ ಅಂಕ ತಂದ ಮಕ್ಕಳು ವೇದಿಕೆಯ ಮೆಟ್ಟಿಲ ಬಳಿ ನಿಂತುಬಿಡುವುದನ್ನು ನಾನು ಕಂಡಿದ್ದೇನೆ. ಆ ಅಳುಕು ಪಠ್ಯಪುಸ್ತಕದಿಂದ ಬಂದದ್ದಲ್ಲ. ಬಟ್ಟೆ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ಕನ್ನಡಿಯ ಮುಂದೆ ನಾವೇ ಆಡಿದ ಮಾತಿನಿಂದ ಬಂದದ್ದು.

ಅಂದು ಅಂಗಡಿಯಲ್ಲಿ ನಾನು ಹೆಚ್ಚು ವಾದ ಮಾಡಲಿಲ್ಲ. ಮಡಚಿಟ್ಟ ನೀಲಿಯನ್ನು ಬಾಗಿಲಿಗೆ ಒಯ್ದು ಹುಡುಗಿಯ ಹೆಗಲಿಗೆ ಹಿಡಿದೆ. ಮೇಲೊಂದು ನಿಂಬೆ ಹಳದಿಯ ವೇಲು ಹಾಕಿದೆ. ಯಜಮಾನರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಛಲೋ ಕಾಣಸ್ತದ ಬಿಡ್ರಿ" ಎಂದರು. ವೇಲಿನ ಹಣವೂ ಬಂತಲ್ಲ, ಅವರಿಗೂ ನಷ್ಟವಾಗಲಿಲ್ಲ.

ತಾಯ್ತಂದೆಯರಲ್ಲಿ ನನ್ನದೊಂದು ಕೋರಿಕೆ. ಮಗಳೋ ಮಗನೋ ಕೈಯಲ್ಲೊಂದು ಬಣ್ಣ ಹಿಡಿದು ನಿಮ್ಮ ಮುಖ ನೋಡಿದಾಗ 'ಇದು ನಿನಗೆ ಒಪ್ಪುವುದಿಲ್ಲ' ಎನ್ನಬೇಡಿ. 'ಇದರ ಜೊತೆ ಏನು ಹಾಕೋಣ?' ಎಂದು ಕೇಳಿ. ಮೊದಲನೆಯ ಮಾತಿನಲ್ಲಿ ಮಗುವಿನ ಮೈ ತಪ್ಪಾಗುತ್ತದೆ. ಎರಡನೆಯದರಲ್ಲಿ ಹುಡುಕಬೇಕಾದದ್ದು ಮೂರು ಮೊಳದ ಒಂದು ಬಟ್ಟೆ, ಅಷ್ಟೆ. ಅದು ಯಾವ ಊರಿನ ಸಂತೆಯಲ್ಲೂ ಸಿಗುತ್ತದೆ.